ಹುಳ ಸಾಯೋ ಮಾತ್ರೆ

ಊರಿನ ಹೆಸರು ಬೇಡ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಹುತ್ತೂರು ಹೋಬಳಿಯ ತೊಂಬತ್ತು ಮನೆಗಳ ಒಂದು ಹಳ್ಳಿ ಎಂದಿಟ್ಟುಕೊಂಡರೆ ಸಾಕು. ಆ ತೊಂಬತ್ತರಲ್ಲಿ ಅರವತ್ತು ಮನೆಯವರು ರೇಷ್ಮೆ ಹುಳು ಸಾಕುತ್ತಾರೆ, ಮಿಕ್ಕವರು ಆ ಅರವತ್ತು ಮನೆಗೆ ಸೊಪ್ಪು ಕೊಯ್ಯಲು ಹೋಗುತ್ತಾರೆ. ಹಾಗಾಗಿ ಅಲ್ಲಿ ‘ಹುಳ’ ಎಂದರೆ ಒಂದೇ ಹುಳ. ಮಿಕ್ಕ ಹುಳಗಳಿಗೆಲ್ಲ ಬೇರೆ ಬೇರೆ ಹೆಸರಿದೆ, ಬರಿಯ ‘ಹುಳ’ ಎಂದರೆ ಅದು ಮನೆಯ ಲಕ್ಷ್ಮಿ. ಎದುರು ಸಿಕ್ಕವರನ್ನು ಮೊದಲು ‘ಹುಳ ಹೆಂಗವೆ?’ ಎಂದು ಕೇಳಬೇಕು, ಮಕ್ಕಳ ಯೋಗಕ್ಷೇಮ ಆಮೇಲೆ. ಹುಳ ಪೊರೆ ಕಳಚಲು ಸೊಪ್ಪು ಬಿಟ್ಟು ಅಲ್ಲಾಡದೆ ಕೂತರೆ ಅದಕ್ಕೆ ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಹೆತ್ತ ಮಗುವಿಗೆ ಆ ವರ್ಷ ಎಷ್ಟು ಸಲ ಜ್ವರ ಬಂದಿತ್ತೆಂದು ಆ ಊರಿನ ತಾಯಿಗೆ ನೆನಪಿರಲಿಕ್ಕಿಲ್ಲ, ಹುಳ ಎಷ್ಟನೇ ಜ್ವರದಲ್ಲಿದೆ ಎಂದು ಕೇಳಿದರೆ ತಡವರಿಸದೆ ಹೇಳುತ್ತಾಳೆ.

ಇಂಥ ಊರಿನ ನಡುವೆ ನಿಂತು ಆಶಾ ಕಾರ್ಯಕರ್ತೆ ಮುನಿಯಲ್ಲಮ್ಮ ಎಂಟು ವರ್ಷದ ಹಿಂದೆ, ಒಂದು ಆಗಸ್ಟ್ ತಿಂಗಳ ಬೆಳಗ್ಗೆ, “ಹುಳ ಸಾಯೋ ಮಾತ್ರೆ ಬಂದೈತೆ, ಮಕ್ಕಳನ್ನ ಇಸ್ಕೂಲಿಗೆ ಕಳಿಸ್ರಮ್ಮ” ಎಂದು ಕೂಗಿಬಿಟ್ಟಳು.

ಅವಳದು ತಪ್ಪೇ ಎಂದರೆ ತಪ್ಪು, ಅಲ್ಲವೆಂದರೆ ಅಲ್ಲ. ಅವಳ ತವರು ಕ್ಯಾಲನೂರಿನ ಕಡೆ, ಹಾಲು ಕರೆದು ಡೈರಿಗೆ ಹಾಕುವವರ ಮನೆ. ಅಲ್ಲಿ ಕರು ಬಡಕಲಾದರೆ, ಸಗಣಿ ನೀರಾದರೆ, ‘ಹುಳ ಆಗವೆ, ಮಾತ್ರೆ ಹಾಕು’ ಎನ್ನುತ್ತಾರೆ. ಮಾತ್ರೆ ಹಾಕಿದ ವಾರಕ್ಕೆ ಕರು ಚಂಗನೆ ನೆಗೆಯುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಈ ಊರಿಗೆ ಸೊಸೆಯಾಗಿ ಬಂದರೂ ಗಂಡ ಶಿವಕುಮಾರ್ ಹುಳ ಸಾಕುವವನಲ್ಲ, ಡೈರಿಯಲ್ಲಿ ಹಾಲು ಅಳೆಯುವವನು. ಸರ್ಕಾರದ ಕಾಗದದಲ್ಲಿ ‘ಜಂತುಹುಳು ನಿವಾರಣೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಜಂತು ಎಂದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡು ತಾಯಿಮನೆಯ ಮಾತನ್ನೇ ತೆಗೆದು ಊರಿನ ಮುಂದೆ ಇಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳ ಮಾತು ಆವತ್ತು ಹೋದದ್ದು ಹೋಯಿತು.

ಮೊದಲು ತಡೆದವಳು ದೊಡ್ಡಗಂಗಮ್ಮ. ಶಿವಕುಮಾರನ ಸೋದರತ್ತೆ, ಊರಿನಲ್ಲಿ ಹುಳದ ವಿಷಯಕ್ಕೆ ಅವಳ ಮಾತೇ ಕೊನೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

“ಪುರುಗುಲ ಮಂದಾ? ಮಕ್ಕಳಿಗಾ?” ಎಂದು ಕೇಳಿದಳು.

ಪುರುಗುಲ ಮಂದು ಎಂದರೆ ತೆಲುಗಿನಲ್ಲಿ ಟೊಮೇಟೊ ಗಿಡಕ್ಕೆ ಹೊಡೆಯುವ ವಿಷ, ಬೇಸತ್ತವರು ಕುಡಿದು ಸಾಯುವುದೂ ಅದನ್ನೇ. ಮುನಿಯಲ್ಲಮ್ಮ ನಕ್ಕು, ಅದಲ್ಲತ್ತೆ, ಇದು ಹೊಟ್ಟೆಯೊಳಗಿನ ಹುಳಕ್ಕೆ ಎಂದು ಸಮಾಧಾನ ಹೇಳಿದಳು. ಮಕ್ಕಳು ಶಾಲೆಗೆ ಹೋದರು, ಮಾತ್ರೆ ಅಗಿದು ನುಂಗಿದರು, ಸಾಯಂಕಾಲ ಎಂದಿನಂತೆ ಹುಳುಮನೆಗೆ ಹೋಗಿ ಸೊಪ್ಪು ಹಾಕಿದರು. ಐದನೆಯ ದಿನ ದೊಡ್ಡಗಂಗಮ್ಮನ ಹುಳಕ್ಕೆ ಹಾಲುತೊಂಡೆ ರೋಗ ಬಿತ್ತು. ಹುಳ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಸೋರಿ, ಎರಡು ದಿನದಲ್ಲಿ ಮನೆ ತುಂಬ ಇದ್ದದ್ದೆಲ್ಲ ತಿಪ್ಪೆಗೆ ಹೋಯಿತು. ಆ ವಾರ ಸೋನೆ ಹಿಡಿದಿತ್ತು, ನೆನೆದ ಸೊಪ್ಪು ಹಾಕಿದ್ದರು. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯಿತು. ಆದರೆ ಹುಳ ಸಾಯೋ ಮಾತ್ರೆ ಎಂದು ಕೂಗಿಯೇ ಕೊಟ್ಟದ್ದು, ಹುಳ ಸತ್ತದ್ದು. ಇನ್ನು ಸಾಕ್ಷಿ ಯಾಕೆ ಬೇಕು?

ಅಂದಿನಿಂದ ಊರಿನಲ್ಲಿ ಒಂದು ಕಟ್ಟಳೆಯೇ ಹುಟ್ಟಿಕೊಂಡಿತು. ಫೆಬ್ರವರಿ, ಆಗಸ್ಟ್ ತಿಂಗಳ ಮಾತ್ರೆಯ ದಿನ ಮಕ್ಕಳಿಗೆ ಹೊಟ್ಟೆನೋವು, ನೆಂಟರ ಮನೆ, ಮೈಗೆ ಎಣ್ಣೆ ಹಚ್ಚಿದೆ ಎಂಬ ನೆಪಗಳು ಏಳುತ್ತಿದ್ದವು. ಶಾಲೆಗೆ ಹೋದವರು ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಬಂದು ಹೊಂಗೆ ಮರದ ಬುಡಕ್ಕೆ ಉಗುಳುತ್ತಿದ್ದರು. ಈ ತಾಲ್ಲೂಕಿನಲ್ಲೇ ಹೊಟ್ಟೆಯಲ್ಲಿ ಹುಳವಿಲ್ಲದ ಜೀವ ಎಂದರೆ ನಮ್ಮ ಹೊಂಗೆ ಮರ ಒಂದೇ ಎಂದು ಮೇಷ್ಟ್ರು ಆವಲಪ್ಪನವರು ಹಾಸ್ಯ ಮಾಡುತ್ತಿದ್ದರು. ಮುನಿಯಲ್ಲಮ್ಮ ಹೆಸರು ಬದಲಾಯಿಸಿ ನೋಡಿದಳು. ಜಂತಿನ ಮಾತ್ರೆ ಎಂದಳು, ಹೊಟ್ಟೆ ಮಾತ್ರೆ ಎಂದಳು, ಒಂದು ವರ್ಷ ಶಕ್ತಿ ಮಾತ್ರೆ ಎಂದೂ ಹೇಳಿದಳು. ಹೆಸರು ಬದಲಾಯಿಸಿದರೆ ಚೇಳು ಕುಟುಕೋದು ಬಿಡುತ್ತದೆಯೇ ಎಂದು ದೊಡ್ಡಗಂಗಮ್ಮ ಕೇಳಿದಳು.

ಶಾಲೆಯಲ್ಲಿ ತಪ್ಪಿಹೋದ ಮಕ್ಕಳಿಗೆ ಮನೆಮನೆಗೆ ಹೋಗಿ ನುಂಗಿಸುವುದು, ನುಂಗಿಸಿದ್ದನ್ನು ಪುಸ್ತಕದಲ್ಲಿ ಗುರುತು ಹಾಕುವುದು ಮುನಿಯಲ್ಲಮ್ಮನ ಕೆಲಸ. ಎರಡು ವರ್ಷ ಅವಳು ನಿಜವನ್ನೇ ಬರೆದಳು. ಮೀಟಿಂಗಿನಲ್ಲಿ ಅವಳ ಮೇಲಿನವಳು, ನರ್ಸ್ ರಜನಿ, ಎಲ್ಲರ ಎದುರಿಗೆ ಪಟ್ಟಿ ಹಿಡಿದು ತೋರಿಸಿದಳು. ಎಲ್ಲ ಹಳ್ಳಿಗಳೂ ಹಸಿರು, ಮುನಿಯಲ್ಲಮ್ಮನ ಹಳ್ಳಿಯೊಂದೇ ಕೆಂಪು. ರಜನಿ ಕೆಟ್ಟವಳಲ್ಲ, ಅವಳ ಮೇಲೂ ಒಬ್ಬರಿದ್ದರು. ಆಶಾಗಳೆಲ್ಲ ತಲೆ ತಿರುಗಿಸಿ ನೋಡಿದಾಗ ಮುನಿಯಲ್ಲಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾರನೆಯ ದಿನ ದೊಡ್ಡಗಂಗಮ್ಮನ ಮನೆಗೆ ಹೋದಳು. ಮೊಮ್ಮಗಳು ಧನಶ್ರೀ ಆಗ ಆರು ವರ್ಷದ ಕೂಸು, ಜಗಲಿಯ ಮೇಲೆ ಕೂತಿತ್ತು. ಹುಳ ಮೂರನೇ ಜ್ವರದಲ್ಲಿವೆ, ಈಗ ಆ ವಿಷದ ಹೆಸರೆತ್ತಬೇಡ ಎಂದು ಮುದುಕಿ ಮಜ್ಜಿಗೆ ತಂದಿಟ್ಟಳು.

“ನಿನಗೇನು, ಬರೆಯೋದು ತಾನೇ ಬೇಕಾಗಿರೋದು. ಬರ್ಕೊಂಡು ಹೋಗು” ಎಂದಳು.

ಮಜ್ಜಿಗೆ ಕುಡಿದು ಮುನಿಯಲ್ಲಮ್ಮ ಬರೆದುಕೊಂಡಳು. ಧನಶ್ರೀಯ ಹೆಸರಿನ ಮುಂದೆ ಒಂದು ಗುರುತು. ಅವಳು ಹಾಕಿದ ಮೊದಲ ಸುಳ್ಳು ಗುರುತು ಅದೇ. ಒಂದು ಹಾಕಿದ ಮೇಲೆ ಅರವತ್ತು ಹಾಕುವುದು ಕಷ್ಟವಾಗಲಿಲ್ಲ, ಪುಸ್ತಕದಲ್ಲಿ ಹಿಂದೆ ಖಾಲಿ ಬಿಟ್ಟಿದ್ದ ಚೌಕಗಳೂ ತುಂಬಿದವು. ಊರು ಹಸಿರಾಯಿತು. ರಜನಿ ಚಪ್ಪಾಳೆ ತಟ್ಟಿಸಿದಳು. ಊರೂ ಅವಳೂ ರಾಜಿಯಾಗಿ ವರ್ಷಕ್ಕೆರಡು ಸಲ ಮಜ್ಜಿಗೆ ಕುಡಿಯುತ್ತ ಬದುಕಿದರು.

ಇನ್ನು ಆ ಇನ್ನೊಂದು ಹುಳದ ಕಥೆ. ಹಿಪ್ಪುನೇರಳೆ ತೋಟಕ್ಕೆ ಆ ಊರಿನವರು ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ, ಹುಳದ ಅನ್ನವನ್ನು ತುಳಿದಂತೆ ಎನ್ನುತ್ತಾರೆ. ತೋಟಕ್ಕೆ ವರ್ಷವಿಡೀ ನೀರು ಬಿಡುತ್ತಾರೆ, ಬುಡದಲ್ಲಿ ಸದಾ ನೆರಳು, ಸದಾ ತೇವ. ಹೊರಗಡೆಗೆ ಹೋಗುವುದೂ ಅದೇ ತೋಟದ ಮರೆಗೆ. ಸರ್ಕಾರ ಕಟ್ಟಿಸಿಕೊಟ್ಟ ಪಾಯಿಖಾನೆ ಇಲ್ಲವೇ ಎಂದರೆ ಇದೆ, ಅದರೊಳಗೆ ಹುಳುಮನೆಗೆ ಎರಚುವ ಸುಣ್ಣದ ಮೂಟೆ ಇದೆ. ಮಲದಿಂದ ಮಣ್ಣಿಗೆ ಬಿದ್ದ ಮೊಟ್ಟೆ ಆ ತೇವದಲ್ಲಿ ಮರಿಯಾಗಿ, ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಇದನ್ನೆಲ್ಲ ಮುನಿಯಲ್ಲಮ್ಮ ಟ್ರೇನಿಂಗಿನಲ್ಲಿ ಕಲಿತಿದ್ದಳು, ಚಿತ್ರವಿದ್ದ ಪುಸ್ತಕವೂ ಅವಳ ಚೀಲದಲ್ಲಿತ್ತು. ಧನಶ್ರೀ ದಿನಾ ಬೆಳಗ್ಗೆ ಆ ತೋಟದಲ್ಲೇ ಬರಿಗಾಲಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಅವಳ ತಾಯಿ ಅನಿತ ನಸುಕಿಗೇ ನರಸಾಪುರದ ಫ್ಯಾಕ್ಟರಿ ಬಸ್ ಹತ್ತುವವಳು, ಅಪ್ಪ ಕಾಂತರಾಜ್ ತಾಯಿ ಹೇಳಿದಂತೆ ನಡೆಯುವವನು. ಹುಡುಗಿ ಅಜ್ಜಿಯ ಕೈಯಲ್ಲಿ, ಹುಳದ ಜೊತೆಯಲ್ಲಿ ಬೆಳೆದಳು.

ಹನ್ನೆರಡಕ್ಕೆ ಬರುವ ಹೊತ್ತಿಗೆ ಧನಶ್ರೀ ಸೊಪ್ಪಿನ ಮಂಕರಿ ಹೊತ್ತು ನಾಲ್ಕು ಹೆಜ್ಜೆ ಹಾಕಿದರೆ ಕೂತುಬಿಡುತ್ತಿದ್ದಳು. ತುಟಿ ಬಿಳಿಚಿತ್ತು, ಪಾದ ಊದಿತ್ತು. ಯಾರೂ ನೋಡದಾಗ ಹುಳುಮನೆಯ ಹೊಸ್ತಿಲಿಗೆ ಚೆಲ್ಲಿದ್ದ ಸುಣ್ಣವನ್ನು ಬೆರಳಲ್ಲಿ ಎತ್ತಿ ನೆಕ್ಕುತ್ತಿದ್ದಳು, ರಕ್ತ ಕಮ್ಮಿಯಾದವರಿಗೆ ಹೀಗೆ ಸುಣ್ಣ, ಮಣ್ಣಿನ ಆಸೆ ಹತ್ತುತ್ತದೆ. ಮೈನೆರೆಯುವ ವಯಸ್ಸು, ಹಾಗೇ ಆಗುತ್ತದೆ ಎಂದು ಅಜ್ಜಿ ಹೇಳಿದಳು. ಮುನಿಯಲ್ಲಮ್ಮ ಒಂದು ದಿನ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪು ಇರಬೇಕಾದ ಕಡೆ ಕೋಸಿನ ಒಳಎಲೆಯಂತೆ ಬೆಳ್ಳಗಿತ್ತು. ತಾನು ಹಾಕಿದ ಗುರುತುಗಳು ಎಷ್ಟೆಂದು ಅವಳಿಗೆ ಎಣಿಸದೆಯೇ ಗೊತ್ತಿತ್ತು.

ಜೂನ್ ಕೊನೆಯಲ್ಲಿ ಕಾಂತರಾಜ್ ಮತ್ತು ಮುನಿಯಲ್ಲಮ್ಮ ಅವಳನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹನ್ನೆರಡು ಇರಬೇಕಾದ ರಕ್ತ ಮೂರೂವರೆಗೆ ಇಳಿದಿತ್ತು. ಇಷ್ಟು ರಕ್ತದಲ್ಲಿ ಈ ಮಗು ನಡೆದುಕೊಂಡು ಬಂದದ್ದಾದರೂ ಹೇಗೆ ಎಂದು ಡಾಕ್ಟರಮ್ಮ ಬೆರಗಾದಳು. ಆಮೇಲೆ ಮುನಿಯಲ್ಲಮ್ಮ ಉಟ್ಟಿದ್ದ ಆಶಾದವರ ಗುಲಾಬಿ ಸೀರೆ ನೋಡಿ ಕೇಳಿದಳು.

“ಇವಳಿಗೆ ಜಂತುಹುಳದ ಮಾತ್ರೆ ಕೊಡ್ತಾ ಇದ್ದೀರೇನಮ್ಮ?”

ಅತ್ತ ದರಿ, ಇತ್ತ ಪುಲಿ. ಕಾಂತರಾಜ್ ಗೋಡೆ ನೋಡುತ್ತ ನಿಂತಿದ್ದ. ಇಲ್ಲ ಎಂದರೆ ಪುಸ್ತಕ ಸುಳ್ಳು, ಹಸಿರು ಸುಳ್ಳು, ನಾಳೆಯಿಂದ ಗುಲಾಬಿ ಸೀರೆಯೂ ಇಲ್ಲ. ಹದಿನೈದು ವರ್ಷ ಊರಿನ ಬಸುರಿಯರನ್ನು ಆಸ್ಪತ್ರೆಗೆ ಹೊತ್ತೊಯ್ದ ಅವಳಿಗೆ ಆ ಸೀರೆ ಬಿಟ್ಟರೆ ಬೇರೆ ಹೆಸರಿರಲಿಲ್ಲ.

“ಕೊಟ್ಟಿದೀವಿ ಮೇಡಂ. ಪ್ರತಿ ಸಲ” ಎಂದಳು.

ಡಾಕ್ಟರಮ್ಮ ಪುಸ್ತಕ ಕೇಳಿ ತೆಗೆದುಕೊಂಡು ಬೆರಳಿಟ್ಟು ಎಣಿಸಿದಳು. ಹದಿನಾಲ್ಕು. ಇಷ್ಟು ಅಚ್ಚುಕಟ್ಟಾಗಿ ಯಾರೂ ಇಡುವುದಿಲ್ಲ ಎಂದು ಮೆಚ್ಚಿ ಹಿಂತಿರುಗಿಸಿದಳು. ಹಾಗಾದರೆ ಇದು ಹುಳದ ಕಾರಣದ್ದಲ್ಲ, ರಕ್ತ ಹುಟ್ಟುವ ಕಡೆಯೇ ಏನೋ ಕೆಟ್ಟಿರಬೇಕು, ಮೂಳೆಯೊಳಗಿನ ಮಜ್ಜೆ ನೋಡಬೇಕು ಎಂದು ಬೆಂಗಳೂರಿಗೆ ಚೀಟಿ ಬರೆದಳು. ಎರಡು ಬಾಟಲಿ ರಕ್ತ ಹಾಕಿ ಕಳಿಸಿದರು. ಬೆಂಗಳೂರಿನವರು ಎರಡು ತಿಂಗಳು ಬಿಟ್ಟು ಒಂದು ದಿನ ಗೊತ್ತುಮಾಡಿದರು.

ರಕ್ತ ಬಿದ್ದ ಹುಡುಗಿ ಮೂರು ವಾರ ಗೆಲುವಾಗಿದ್ದಳು, ಮತ್ತೆ ಇಳಿಯತೊಡಗಿದಳು. ಹಾಕಿದ ರಕ್ತವನ್ನು ಒಳಗಿನದು ಕುಡಿಯುತ್ತಿದೆ ಎಂದು ತಿಳಿದಿದ್ದವಳು ಮುನಿಯಲ್ಲಮ್ಮ ಒಬ್ಬಳೇ. ಡಾಕ್ಟರಮ್ಮನಿಗೆ ನಿಜ ಹೇಳಿಬಿಡುತ್ತೇನೆಂದು ಎರಡು ಸಲ ಬಸ್ ಹತ್ತಿದಳು. ಒಂದು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಎಳನೀರು ಕುಡಿದು ಹಿಂದಿರುಗಿದಳು, ಇನ್ನೊಂದು ಸಲ ಡಾಕ್ಟರಮ್ಮನ ಕೋಣೆಯ ಮುಂದೆ ಕೂತು ಸರದಿ ಬಂದಾಗ ಎದ್ದು ಬಂದಳು. ಹೇಡಿತನಕ್ಕೆ ನೆಪ ಹುಡುಕಬೇಕಾಗಿಲ್ಲ, ಅದು ಇದ್ದೇ ಇರುತ್ತದೆ. ಅವಳ ನೆಪ ಇದು: ಹೇಳುವುದೇಕೆ, ಮಾತ್ರೆಯನ್ನು ನಾನೇ ನುಂಗಿಸಿಬಿಟ್ಟರೆ ಆಯಿತಲ್ಲ. ಒಂದೇ ಒಂದು ಮಾತ್ರೆ. ಬೇರೆ ಏನೂ ಬೇಡ.

ಆಗಸ್ಟ್ ಮೊದಲ ವಾರ ಮಾತ್ರೆ ಹಿಡಿದು ಹೋದಳು. ಹುಳ ಎರಡನೇ ಜ್ವರ ಎದ್ದಿದ್ದವು. ದೊಡ್ಡಗಂಗಮ್ಮ ಈ ಸಲ ಮಜ್ಜಿಗೆ ತರಲಿಲ್ಲ. ಡಾಕ್ಟರೇ ಹುಳದ್ದಲ್ಲ ಅಂದಿದ್ದಾರಂತೆ, ಕಾಂತರಾಜ್ ಕಿವಿಯಾರೆ ಕೇಳಿದ್ದಾನೆ, ನೀನೇನು ಡಾಕ್ಟರಿಗಿಂತ ದೊಡ್ಡವಳೋ ಎಂದು ಕೇಳಿದಳು. ಮುನಿಯಲ್ಲಮ್ಮ ಮುದುಕಿಯ ಕಾಲು ಹಿಡಿದಳು. ಕಾಲು ಹಿಡಿದವಳಿಗೆ ಇಲ್ಲವೆನ್ನಲಾಗದೆ ಮುದುಕಿ ಒಂದು ಮೆಟ್ಟಿಲು ಇಳಿದಳು.

“ಹುಳ ಹಣ್ಣಾಗ್ಲಿ. ಚಂದ್ರಿಕೆಗೆ ಬಿಟ್ಟ ದಿನ ನೀನೇ ಬಂದು ನುಂಗ್ಸು. ಆವತ್ತು ನಾನು ಅಡ್ಡ ಬಂದ್ರೆ ಕೇಳು.”

ಚಂದ್ರಿಕೆ ಎಂದರೆ ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ. ಅದಕ್ಕಿನ್ನೂ ಹದಿನೈದು ದಿನವಿತ್ತು. ಮುನಿಯಲ್ಲಮ್ಮ ಹಿತ್ತಲಿಗೆ ಹೋಗಿ ಹುಡುಗಿಯ ಕೈಗೇ ಮಾತ್ರೆ ಕೊಟ್ಟು, ಯಾರಿಗೂ ಹೇಳಬೇಡ, ಈಗಲೇ ಅಗಿದುಬಿಡು ಎಂದಳು. ಧನಶ್ರೀ ಮಾತ್ರೆಯನ್ನು ಮೂಸಿ ನೋಡಿದಳು.

“ನಾನು ನುಂಗಿದ್ರೆ ನನ್ನ ಕೈ ಸೊಪ್ಪು ತಿಂದು ಅವು ಸಾಯ್ತಾವಲ್ಲ, ಅತ್ತೆ” ಎಂದಳು. “ಗೂಡು ಕಟ್ಲಿ. ಆಮೇಲೆ ನಾನೇ ನುಂಗ್ತೀನಿ, ದೇವರಾಣೆ.”

ಮಾತ್ರೆಯನ್ನು ಅವಳು ತನ್ನ ಕಂಪಾಸು ಡಬ್ಬಿಯಲ್ಲಿ, ರಬ್ಬರಿನ ಪಕ್ಕ ಇಟ್ಟುಕೊಂಡಳು. ಎಂಟು ವರ್ಷದ ಹಿಂದೆ ತಾನು ಕೂಗಿದ ಮಾತು ಈ ಕೂಸಿನ ಬಾಯಿಂದ ತಿರುಗಿ ಬಂದದ್ದನ್ನು ಕೇಳಿ ಮುನಿಯಲ್ಲಮ್ಮನಿಗೆ ಅಳು ಬಂತು. ಬಲವಂತವಾಗಿ ಬಾಯಿಗೆ ತುರುಕಬಹುದಿತ್ತು, ತುರುಕಲಿಲ್ಲ. ಹದಿನೈದು ದಿನ ತಾನೇ ಎಂದುಕೊಂಡಳು.

ದಿನಾ ಹೋಗಿ ವಿಚಾರಿಸುತ್ತಿದ್ದಳು. ಊರಿನವರಂತೆ ಅವಳೂ ಈಗ ಮೊದಲು ಹುಳ ಹೆಂಗವೆ ಎಂದೇ ಕೇಳತೊಡಗಿದಳು. ಮೂರನೇ ಜ್ವರ ಕೂತವು, ಎದ್ದವು. ನಾಲ್ಕನೆಯದೂ ಎದ್ದವು. ಸೊಪ್ಪು ಗಬಗಬನೆ ತಿಂದು ಬೆರಳು ಗಾತ್ರವಾದವು. ಹುಡುಗಿ ಜಗಲಿಯಿಂದ ಒಳಗೆ ಹೋಗಲು ಬಾಗಿಲು ಹಿಡಿದುಕೊಳ್ಳುತ್ತಿದ್ದಳು. ಹದಿನಾರನೆಯ ದಿನ ಹುಳ ಹಣ್ಣಾದವು. ಹಣ್ಣಾದ ಹುಳ ಆರಿಸಲು ಮನೆಮಂದಿಯೆಲ್ಲ ಕೂರಬೇಕು, ತಡವಾದರೆ ಸೊಪ್ಪಿನ ನಡುವೆಯೇ ನೂಲು ಬಿಟ್ಟುಬಿಡುತ್ತವೆ. ಧನಶ್ರೀಯೂ ಕೂತಳು. ಆರಿಸುತ್ತ ಆರಿಸುತ್ತ, ಕೈಯಲ್ಲಿ ಒಂದು ಹಿಡಿ ಹುಳ ಇದ್ದಂತೆಯೇ ಚಂದ್ರಿಕೆಯ ಮೇಲೆ ವಾಲಿದಳು. ಮಾತ್ರೆ ನುಂಗಿಸಲೆಂದು ಬರುತ್ತಿದ್ದ ಮುನಿಯಲ್ಲಮ್ಮ ಬಾಗಿಲಲ್ಲೇ ಕಂಡದ್ದು ಅದನ್ನು. ಆಸ್ಪತ್ರೆಯ ಗಾಡಿ ಬಂತು. ಕೋಲಾರ ಇನ್ನೂ ನಾಲ್ಕು ಮೈಲಿ ಇರುವಾಗ ಅವಳ ತೊಡೆಯ ಮೇಲಿದ್ದ ಹುಡುಗಿಯ ಉಸಿರು ನಿಂತಿತು. ಆ ಸಲ ಬೆಳೆ ಚೆನ್ನಾಗಿ ಬಂತು.

ಮಗು ಸತ್ತರೆ ಸರ್ಕಾರದವರು ಬಂದು ವಿಚಾರಿಸುತ್ತಾರೆ. ಹತ್ತು ದಿನ ಬಿಟ್ಟು ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿದರು, ಊರೆಲ್ಲ ಸೇರಿತು. ಬಂದಿದ್ದ ಅಧಿಕಾರಿ ಮುನಿಯಲ್ಲಮ್ಮನ ಪುಸ್ತಕ ತೆರೆದು, ಮೃತ ಬಾಲಕಿಗೆ ಒಟ್ಟು ಹದಿನಾಲ್ಕು ಬಾರಿ ಮಾತ್ರೆ ನೀಡಲಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಓದಿದ. ನಮ್ಮ ಇಲಾಖೆಯಿಂದ ಲೋಪವಾಗಿಲ್ಲ ಎಂದು ತಿಳಿಸುವುದು ಅವನ ಉದ್ದೇಶ. ಊರು ಕೇಳಿಸಿಕೊಂಡದ್ದು ಬೇರೆ. ಹದಿನಾಲ್ಕು ಎಂಬ ಮಾತು ಜನರ ನಡುವೆ ಬಾಯಿಂದ ಬಾಯಿಗೆ ಹೋಯಿತು. ಒಂದು ನುಂಗಿದ್ದಕ್ಕೆ ಹುಳದ ಮನೆಯೇ ಹೋಗಿತ್ತು, ಹದಿನಾಲ್ಕು ನುಂಗಿದ ಮಗು ಉಳಿಯುತ್ತದೆಯೇ?

ಮುನಿಯಲ್ಲಮ್ಮ ಎದ್ದು ನಿಂತಳು. ಸೀರೆ ಹೋದರೆ ಹೋಗಲಿ, ಮಾತ್ರೆಯ ಹೆಸರಾದರೂ ಉಳಿಯಲಿ ಎಂದು ಆ ಹತ್ತು ದಿನದಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

“ಅದು ಸುಳ್ಳು, ಸಾರ್. ಆ ಮಗು ಒಂದು ಮಾತ್ರೆನೂ ನುಂಗಿಲ್ಲ. ನುಂಗಿದ್ರೆ ಬದುಕ್ತಿತ್ತು. ನಾನೇ ಸುಳ್ಳು ಬರೆದೆ.”

ಯಾರೂ ನಂಬಲಿಲ್ಲ. ಸಿಕ್ಕಿಬಿದ್ದವಳು ಹೀಗೆ ಹೇಳದೆ ಇನ್ನೇನು ಹೇಳುತ್ತಾಳೆ, ಬರೆದದ್ದು ಕಣ್ಣೆದುರಿಗಿದೆಯಲ್ಲ ಎಂದರು. ತಾವೇ ಬರ್ಕೊಂಡು ಹೋಗು ಎಂದಿದ್ದ ಅರವತ್ತು ಮನೆಯವರೂ ಅಲ್ಲೇ ಇದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಅಧಿಕಾರಿ ದೊಡ್ಡಗಂಗಮ್ಮನ ಕಡೆ ತಿರುಗಿ, ನೀವು ಹೇಳಿಯಮ್ಮ, ನುಂಗಿದ್ದಳೋ ಇಲ್ಲವೋ ಎಂದು ಕೇಳಿದ. ಮುದುಕಿ ಬಾಯಿಗೆ ಒತ್ತಿದ್ದ ಸೆರಗನ್ನು ತೆಗೆದಳು.

“ನುಂಗಿದ್ಲು” ಎಂದಳು. “ಅಷ್ಟೂ ನುಂಗಿದ್ಲು. ನಾನೇ ನೋಡ್ದೆ.”

ಕಂಪಾಸು ಡಬ್ಬಿ ತರಿಸಿ ನೋಡಿ ಎಂಬ ಮಾತು ಮುನಿಯಲ್ಲಮ್ಮನ ನಾಲಿಗೆಯ ತುದಿಗೆ ಬಂತು. ಮುದುಕಿಯ ಕಡೆ ನೋಡಿದಳು. ನುಂಗಿಲ್ಲ ಎಂದರೆ ಮೊಮ್ಮಗಳನ್ನು ಕೊಂದವಳು ತಾನು, ನುಂಗಿದಳು ಎಂದರೆ ಕೊಂದದ್ದು ಮಾತ್ರೆ. ಉಳಿದ ನಾಲ್ಕು ದಿನ ಆ ಜೀವ ಯಾವುದನ್ನು ಹೊತ್ತು ಬದುಕಬೇಕು? ಮುನಿಯಲ್ಲಮ್ಮ ಕೂತುಬಿಟ್ಟಳು. ಅಧಿಕಾರಿ ಇಬ್ಬರ ಮಾತನ್ನೂ ಬಿಟ್ಟು ಪುಸ್ತಕದಲ್ಲಿದ್ದುದನ್ನೇ ನಕಲು ಮಾಡಿಕೊಂಡು ಹೋದ. ಅವಳ ಕೆಲಸ ಹೋಗಲೂ ಇಲ್ಲ, ಯಾಕೆಂದರೆ ಕಾಗದದ ಮೇಲೆ ಅವಳದೇನೂ ತಪ್ಪಿರಲಿಲ್ಲ.

ಮತ್ತೆ ಫೆಬ್ರವರಿ ಬಂತು. ಮುನಿಯಲ್ಲಮ್ಮ ಮಾತ್ರೆ ಹಿಡಿದು ಹೊರಟಳು. ಈಗ ನೆಪ ಹೇಳುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಅವಳು ಬರುವುದು ಕಂಡರೆ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಪಕ್ಕದ ಎರಡು ಹಳ್ಳಿಗೂ ಸುದ್ದಿ ಮುಟ್ಟಿತ್ತು. ಅವಳು ಪ್ರತಿ ಹೆಸರಿನ ಮುಂದೆಯೂ ಇದ್ದದ್ದನ್ನೇ ಬರೆದಳು. ಊರು ಪೂರ್ತಿ ಕೆಂಪಾದರೆ ರಜನಿ ಏನು ಮಾಡುತ್ತಾಳೆಂದು ಅವಳಿಗೆ ಗೊತ್ತಿತ್ತು. ರಜನಿಯೇ ಕೂತು ಹಸಿರು ಮಾಡುತ್ತಾಳೆ.

ದೊಡ್ಡಗಂಗಮ್ಮನ ಮನೆಯ ಬಾಗಿಲು ಮಾತ್ರ ತೆರೆದಿತ್ತು. ಧನಶ್ರೀಯ ತಂಗಿ ಮೇಘನ, ಐದು ವರ್ಷದ್ದು, ಹುಳುಮನೆಯ ಹೊಸ್ತಿಲ ಬಳಿ ಬರಿಗಾಲಲ್ಲಿ ಕೂತಿತ್ತು. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿತು. ಬಾಯಿಯ ಸುತ್ತ ಬೆಳ್ಳಗೆ ಸುಣ್ಣ ಮೆತ್ತಿತ್ತು. ಮುನಿಯಲ್ಲಮ್ಮ ಅಲ್ಲೇ ಕುಸಿದು ಕೂತು ಸೆರಗಿನಿಂದ ಆ ಬಾಯಿ ಒರೆಸಿದಳು. ಒಳಗಿನಿಂದ ಬಂದ ಮುದುಕಿ ಅದನ್ನು ನೋಡಿದಳು, ಮಾತ್ರೆಯನ್ನೂ ನೋಡಿದಳು. ಇಬ್ಬರಿಗೂ ಎಲ್ಲ ಗೊತ್ತಿತ್ತು. ಮುದುಕಿಯ ಕಣ್ಣು ತುಂಬಿತು, ಆದರೂ ಮಗುವಿನ ತೋಳು ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಳು.

“ಹುಳ ಮೂರನೇ ಜ್ವರ ಕೂತವೆ ಕಣೇ” ಎಂದಳು. “ಬರ್ಕೊಂಡು ಹೋಗು.”

ಮುನಿಯಲ್ಲಮ್ಮ ಪುಸ್ತಕ ತೆಗೆದು, ಮೇಘನ ಎಂಬ ಹೆಸರಿನ ಮುಂದೆ ‘ನುಂಗಿಲ್ಲ’ ಎಂದು ಬರೆದು, ಮುಂದಿನ ಮನೆಗೆ ಹೋದಳು.